ನಾಳೆಯಿಂದ ಬಸ್ಸು ಫುಲ್ಲು: ಡಾಕ್ಟ್ರನ್ನ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಭಾನುವಾರ, 2021ರ ಜುಲೈ 4. ಕೋವಿಡ್‌ಗೆ ಅಂತ ಹಾಕಿದ್ದ ವೀಕೆಂಡ್ ಕರ್ಫ್ಯೂ ನಾಳೆ ಬೆಳಿಗ್ಗೆ 5ಕ್ಕೆ ಮುಗಿದರೆ ಮತ್ತೆ ಇರಲ್ಲ. ರಾತ್ರಿ 9ರ ಮೇಲಿನ ಕರ್ಫ್ಯೂ ಮಾತ್ರ ಇರುತ್ತೆ. ಆಫೀಸು, ಫ್ಯಾಕ್ಟರಿ ಪೂರ್ತಿ ಜನರನ್ನ ಕರೆಸಬಹುದು. ಬಸ್ಸಲ್ಲಿ ಇಷ್ಟು ದಿನ ಅರ್ಧ ಸೀಟು ಇತ್ತು, ನಾಳೆಯಿಂದ ಎಲ್ಲಾ ಸೀಟು ತುಂಬಬಹುದು, ನಿಲ್ಲೋ ಹಾಗಿಲ್ಲ. ದಾಸರಹಳ್ಳಿಯ ನಮ್ಮ ಡಾಕ್ಟರ್ ಮೇಡಂ ಸಂಜೆ 5ರಿಂದ ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ, ಕೈ ಮುಗಿದು ಕೇಳ್ಕೋತೀನಿ.

ಗೀತಾ: ಮೇಡಂ ನಮಸ್ತೆ. ಕೋವಿಶೀಲ್ಡ್ ಒಂದು ಡೋಸ್ ಆಗಿದೆ, ಮೇ 3ಕ್ಕೆ. ಮೆಜೆಸ್ಟಿಕ್‌ವರೆಗೆ ಬಸ್ಸಲ್ಲಿ ಹೋಗಿ ಬರೋದು ಸೇಫಾ? ಎರಡನೇದು ಯಾವಾಗ?

ಡಾಕ್ಟರ್: ನಮಸ್ತೆ ಗೀತಾ. ಎರಡನೇದು 84 ದಿನ ಆದ ಮೇಲೆ. ಒಂದು ಡೋಸ್ ಅಂದ್ರೆ ಅರ್ಧ ಕೊಡೆ, ನೆನೆಯಲ್ಲ ಅಂತ ಹೇಳೋಕಾಗಲ್ಲ. ಬಸ್ಸಲ್ಲಿ ಮೂರು ವಿಷಯ ನೋಡ್ಕೊಳ್ಳಿ. ಕಿಟಕಿ ತೆಗೆದಿರಬೇಕು. ಮಾಸ್ಕ್ ಮೂಗಿನ ಪಕ್ಕ ಸಂದಿ ಇಲ್ಲದ ಹಾಗೆ ಕೂರಬೇಕು. ಫೋನಲ್ಲಿ ಮಾತಾಡಬಾರದು. ಈ ರೋಗ ಹರಡೋದು ಜಾಸ್ತಿ ಉಸಿರಿನ ಗಾಳಿಯಿಂದ. ಮುಚ್ಚಿದ ಜಾಗದಲ್ಲಿ ಜೋರಾಗಿ ಮಾತಾಡೋರು ಇದ್ದರೆ ಒಂದು ಸೀಟು ದೂರ ಕೂತರೂ ಪ್ರಯೋಜನ ಕಡಿಮೆ. ಮಳೆ ಬಂದ್ರೆ ಎಲ್ಲರೂ ಕಿಟಕಿ ಎಳೀತಾರೆ, ನನಗೆ ಹೆದರಿಕೆ ಅದೇ. ನಾಲ್ಕು ಬೆರಳಷ್ಟಾದರೂ ತೆಗೆದಿಡಿ, ಭುಜ ನೆನೆದರೆ ಒಣಗುತ್ತೆ.

ಪ್ರದೀಪ್: ನಾಗಸಂದ್ರದಿಂದ ಮೆಟ್ರೋ ಹತ್ತೀನಿ. ಎಸಿ ಇರುತ್ತಲ್ಲ, ಅದರಿಂದ ಹರಡಲ್ವಾ ಮೇಡಂ? ಗ್ಲೌಸ್ ಹಾಕ್ಕೊಳ್ಳೋದು ಒಳ್ಳೇದಾ?

ಡಾಕ್ಟರ್: ಗ್ಲೌಸ್ ಬೇಡ. ಅದೇ ಗ್ಲೌಸಲ್ಲಿ ಕಂಬ ಹಿಡೀತೀರಿ, ಅದರಲ್ಲೇ ಮೂಗು ತುರಿಸ್ತೀರಿ. ಇಳಿದ ಮೇಲೆ ಕೈ ತೊಳೀರಿ ಸಾಕು. ಮೆಟ್ರೋದಲ್ಲಿ ನಿಲ್ದಾಣಕ್ಕೊಂದು ಸಲ ಬಾಗಿಲು ತೆಗೆಯುತ್ತೆ, ಜನ ಮಾತೂ ಕಮ್ಮಿ ಆಡ್ತಾರೆ. ಆಗೋದಾದ್ರೆ 8.30ರ ಬದಲು 7.30ಕ್ಕೆ ಹತ್ತಿ. ಎನ್-95 ಇದ್ದರೆ ಅದೊಂದೇ ಹಾಕಿ. ಇಲ್ಲಾಂದ್ರೆ ಒಳಗೆ ಸರ್ಜಿಕಲ್, ಮೇಲೆ ಬಟ್ಟೆದು.

ರಾಜಣ್ಣ: ಪೊಟ್ಟಣ ಕಟ್ಟಿಕೊಂಡು ಹೋಗಿ ಎಲ್ಲರೂ. ಕರ್ಪೂರ, ಓಮ, ಲವಂಗ, ನೀಲಗಿರಿ ಎಣ್ಣೆ ಎರಡು ಹನಿ. ಬಸ್ಸಲ್ಲಿ ಕೂತಾಗ ಮೂಸ್ತಾ ಇದ್ರೆ ಆಕ್ಸಿಜನ್ ಏರುತ್ತೆ. ನಮ್ಮ ಮನೇಲಿ ಒಬ್ಬರಿಗೂ ಬಂದಿಲ್ಲ.

ಡಾಕ್ಟರ್: ರಾಜಣ್ಣ, ಏರಲ್ಲ. ಮೂಗು ತಣ್ಣಗಾದಾಗ ಉಸಿರು ಸಲೀಸು ಅನ್ಸುತ್ತೆ ಅಷ್ಟೆ. ಕರ್ಪೂರ ಮಕ್ಕಳ ಬಾಯಿಗೆ ಹೋದ್ರೆ ಫಿಟ್ಸ್ ಬರುತ್ತೆ. ಪೊಟ್ಟಣಾನ ಮಕ್ಕಳ ಕೈಗೆ ಸಿಗೋ ಕಡೆ ಇಡಬೇಡಿ.

ಸವಿತಾ: ಅಕ್ಕಾ, ನಾನು ಗಾರ್ಮೆಂಟ್ಸಲ್ಲಿ ಟೈಲರ್. ಏಳು ತಿಂಗಳು ಬಸುರಿ, ಎರಡನೇದು. ನಾಳೆಯಿಂದ ಬಾ ಅಂತ ಸೂಪರ್‌ವೈಸರ್ ಫೋನ್ ಮಾಡಿದ್ರು. ಬಸ್ಸಲ್ಲಿ ಒಂದು ಗಂಟೆ. ಇಂಜೆಕ್ಷನ್ ಬಸುರಿಗೆ ಹಾಕಲ್ಲ ಅಂತಾರಲ್ಲ?

ಡಾಕ್ಟರ್: ಸವಿತಾ, ಹಾಕ್ತಾರೆ. ಮೊನ್ನೆ ಶುಕ್ರವಾರ, ಜುಲೈ 2ಕ್ಕೆ, ಕೇಂದ್ರ ಸರ್ಕಾರ ಬಸುರಿಯರಿಗೂ ಒಪ್ಪಿಗೆ ಕೊಟ್ಟಿದೆ. ತಾಯಿ ಕಾರ್ಡ್ ತಗೊಂಡು ಹೋಗಿ ಕೇಳಿ. ಏಳು ತಿಂಗಳಲ್ಲಿ ಮಗು ಮೇಲಕ್ಕೆ ಒತ್ತಿರುತ್ತೆ, ಶ್ವಾಸಕೋಶಕ್ಕೆ ಜಾಗ ಕಮ್ಮಿ. ಈಗ ಈ ಕಾಯಿಲೆ ಬಂದ್ರೆ ಬೇರೆ ಹೆಂಗಸರಿಗಿಂತ ನಿಮಗೆ ಕಷ್ಟ ಜಾಸ್ತಿ. ಇನ್ನೊಂದು ಮಾತು. ನಿಮ್ಮ ಸಂಬಳದಲ್ಲಿ ಇಎಸ್‌ಐ ವಿಮೆಗೆ ಅಂತ ಕಟ್ ಆಗ್ತಿರಬೇಕಲ್ಲ? ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಇದೆ, ಅದರಲ್ಲಿ 8 ವಾರ ಹೆರಿಗೆಗೆ ಮುಂಚೇನೇ ತಗೋಬಹುದು. ನಿಮಗೆ ಆ ಲೆಕ್ಕ ಇನ್ನು ಕೆಲವೇ ವಾರದಲ್ಲಿ ಶುರು. ನಾಳೆ ಸೂಪರ್‌ವೈಸರ್‌ನ ಕೇಳಬೇಡಿ, ಎಚ್‌ಆರ್ ಹತ್ತಿರ ಬರವಣಿಗೇಲಿ ಕೊಡಿ.

ಸವಿತಾ: ಆಯ್ತಕ್ಕ. ಬರೆದು ಕೊಡೋರು ಯಾರಾದ್ರೂ ಇದ್ದಾರಾ ಇಲ್ಲಿ?

ಗೀತಾ: ಸವಿತಾ, ಪರ್ಸನಲ್ ಮೆಸೇಜ್ ಮಾಡು, ನಾನು ಬರ್ಕೊಡ್ತೀನಿ.

ಲೋಕೇಶ್: ಒಂದು ಡೋಸ್ ಆಗಿದೆ ಮೇಡಂ. ಬಸ್ಸಲ್ಲಿ ಹೋಗಬಹುದಾ?

ಡಾಕ್ಟರ್: ಮೇಲೆ ಗೀತಾಗೆ ಹೇಳಿದೆ.

ಮಂಜುನಾಥ್: ಮೇಡಂ, ಪೀಣ್ಯದಲ್ಲಿ ಲೇತ್ ಆಪರೇಟರ್, ವಯಸ್ಸು 46. ಮೇ 18ಕ್ಕೆ ಪಾಸಿಟಿವ್, 6 ದಿನ ಆಸ್ಪತ್ರೆ, ಆಕ್ಸಿಜನ್ ಹಾಕಿದ್ರು. 40 ದಿನ ಸಂಬಳ ಇಲ್ಲ. ಎರಡು ಮಾಸ್ಕ್ ಹಾಕಿ ಒಂದು ವಾರದಿಂದ ಡ್ಯೂಟಿಗೆ ಹೋಗ್ತಿದೀನಿ. ಎಲಾಸ್ಟಿಕ್ ಬಿಗಿಯಾಗಿ ನಾಲ್ಕು ದಿನದಿಂದ ಎಡಗೆನ್ನೆ ಮರಗಟ್ಟಿದೆ. ಎಡಗಡೆ ಮೇಲ್ದವಡೆ ಹಲ್ಲು ನೋವು, ಮೂಗು ಅದೇ ಕಡೆ ಕಟ್ಟಿದೆ. ಬಸ್ಸಿನ ಧೂಳಿಗೆ ಇರಬೇಕು, ಕಂದು ಕಂದಾಗಿ ಸಿಂಬಳ ಬರುತ್ತೆ. ನಾಳೆಯಿಂದ ಒಂದೇ ಮಾಸ್ಕ್ ಹಾಕಿದ್ರೆ ಪರವಾಗಿಲ್ವಾ?

ರಾಜಣ್ಣ: ಮಂಜು, ಬೆಳಿಗ್ಗೆ ಸಂಜೆ ಹಬೆ ತಗೋ, ಎರಡು ತೊಟ್ಟು ನಿಂಬೆರಸ ಮೂಗಿಗೆ ಬಿಡು. ಕ್ಲಿಯರ್ ಆಗುತ್ತೆ.

ಡಾಕ್ಟರ್: ಯಾರೂ ಏನೂ ಮೂಗಿಗೆ ಬಿಡಬೇಡಿ. ಮಂಜುನಾಥ್, ಈಗಲೇ ಹೇಳಿ: ಸಕ್ಕರೆ ಕಾಯಿಲೆ ಇದೆಯಾ? ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ರಾ, ಎಷ್ಟು ದಿನ ತಗೊಂಡ್ರಿ?

ಮಂಜುನಾಥ್: ಶುಗರ್ 6 ವರ್ಷದಿಂದ ಇದೆ. ಮಾತ್ರೆ 5 ದಿನಕ್ಕೆ ಬರೆದಿದ್ರು. ತಗೊಂಡಾಗ ಮೈ ಹಗುರ ಅನ್ಸ್ತಿತ್ತು, ಅದೇ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ತಗೊಂಡು ಮೂರು ವಾರದ ಮೇಲೆ ತಿಂದೆ. ಶುಗರ್ ಚೆಕ್ ಮಾಡಿಸಿಲ್ಲ.

ಡಾಕ್ಟರ್: ಮಂಜುನಾಥ್, ಇದು ಎಲಾಸ್ಟಿಕ್ ಅಲ್ಲ, ಧೂಳೂ ಅಲ್ಲ ಅಂತ ನನ್ನ ಅನುಮಾನ. ಮಾಸ್ಕ್ ಬಿಗಿಯಾದ್ರೆ ಕಿವಿ ಹಿಂದೆ ನೋವು ಬರುತ್ತೆ, ಎರಡೂ ಕಡೆ ಬರುತ್ತೆ, ತೆಗೆದ ಮೇಲೆ ಹೋಗುತ್ತೆ. ನಿಮಗೆ ಒಂದೇ ಕಡೆ ಬಂದಿದೆ, ನಾಲ್ಕು ದಿನವಾದ್ರೂ ಹೋಗಿಲ್ಲ. ಕಣ್ಣ ಕೆಳಗಿನ ಮೂಳೆಯಿಂದ ಒಂದು ನರ ಹೊರಗೆ ಬರುತ್ತೆ. ಕೆನ್ನೆ, ಮೇಲ್ದುಟಿ, ಮೇಲಿನ ಹಲ್ಲು ಎಲ್ಲಕ್ಕೂ ಸ್ಪರ್ಶ ಕೊಡೋದು ಅದೇ. ಆ ನರದ ಪಕ್ಕದಲ್ಲೇ ಸೈನಸ್ ಅನ್ನೋ ಟೊಳ್ಳು ಜಾಗ ಇದೆ. ಅಲ್ಲಿ ಏನೋ ಕೂತು ನರಕ್ಕೆ ತೊಂದರೆ ಕೊಡ್ತಿದೆ. ಜನ ಬ್ಲ್ಯಾಕ್ ಫಂಗಸ್ ಅಂತಾರಲ್ಲ, ಅದಿರಬಹುದು. ಅದೇ ಅಂತ ನಾನು ಫೋನಲ್ಲಿ ಹೇಳೋಕೆ ಬರಲ್ಲ. ಅಲ್ಲ ಅಂತ ಹೇಳೋ ಧೈರ್ಯವೂ ನನಗಿಲ್ಲ.

ಈ ಬೂಷ್ಟು ಮಣ್ಣಲ್ಲಿ, ಕೊಳೆತ ಎಲೇಲಿ ಎಲ್ಲಾ ಕಡೆ ಇದೆ. ನಾವೆಲ್ಲ ದಿನಾ ಉಸಿರಲ್ಲಿ ಎಳ್ಕೋತೀವಿ, ಮೈಯೊಳಗಿನ ಕಾವಲಿನವರು ಹೊಡೆದು ಹಾಕ್ತಾರೆ. ಸ್ಟೀರಾಯ್ಡ್ ಆ ಕಾವಲನ್ನ ಮಲಗಿಸುತ್ತೆ, ಸಕ್ಕರೆಯನ್ನೂ ಏರಿಸುತ್ತೆ, ಏರಿದ ಸಕ್ಕರೆ ಬೂಷ್ಟಿಗೆ ಊಟ. ಆಕ್ಸಿಜನ್ ಇಳಿದಾಗ ಆ ಮಾತ್ರೆ ನಿಮ್ಮ ಜೀವ ಉಳಿಸಿದೆ, ಅದನ್ನ ಬೈಯ್ಯಲ್ಲ. 5 ದಿನದ್ದು ಮೂರು ವಾರ ಆಗಿದ್ದೇ ತಪ್ಪು. ಬೂಷ್ಟು ರಕ್ತನಾಳದೊಳಗೆ ನುಗ್ಗಿ ರಕ್ತ ನಿಲ್ಲಿಸುತ್ತೆ, ರಕ್ತ ಇಲ್ಲದ ಮಾಂಸ ಸತ್ತು ಕಪ್ಪಾಗುತ್ತೆ. ಆ ಕಪ್ಪಿಂದಲೇ ಆ ಹೆಸರು. ಮೂಗಿಂದ ಕಣ್ಣಿಗೆ, ಕಣ್ಣಿಂದ ಮೆದುಳಿಗೆ ಹೋಗೋಕೆ ಕೆಲವೇ ದಿನ ಸಾಕು.

ಈಗ ಮನೆಯವರಿಗೆ ಹೇಳಿ ಟಾರ್ಚ್ ಹಾಕಿ ಅಂಗುಳ ನೋಡಿಸಿ. ಕಪ್ಪು ಮಚ್ಚೆ ಇದ್ದರೂ ಇಲ್ಲದಿದ್ದರೂ ಇವತ್ತು ರಾತ್ರೀನೇ ಹೊರಡಬೇಕು. ನನ್ನ ಕ್ಲಿನಿಕ್‌ಗೆ ಬೇಡ, ಟೈಮ್ ಹೋಗುತ್ತೆ. ಇಎನ್‌ಟಿ ಇರೋ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮೂಗೊಳಗೆ ಸಣ್ಣ ಕ್ಯಾಮರಾ ಹಾಕಿ ನೋಡ್ತಾರೆ, ಸ್ಕ್ಯಾನ್ ಮಾಡ್ತಾರೆ. ಬೇಕಾದ್ರೆ ಆಂಫೊಟೆರಿಸಿನ್ ಅನ್ನೋ ಔಷಧಿ, ಆಪರೇಷನ್. ಸ್ಟೀರಾಯ್ಡ್ ಇನ್ನೂ ತಿಂತಿದ್ರೆ ನೀವಾಗೇ ಥಟ್ಟನೆ ನಿಲ್ಲಿಸಬೇಡಿ, ಅದನ್ನ ಅವರು ತೀರ್ಮಾನಿಸಲಿ. ನನ್ನ ನಂಬರ್ ಅಡ್ಮಿನ್ ಹತ್ರ ಇದೆ, ಈಗಲೇ ಫೋನ್ ಮಾಡಿ.

ಮಂಜುನಾಥ್: ಕರ್ಫ್ಯೂ ಇದೆಯಲ್ಲ ಮೇಡಂ. ನಾಳೆ ಅರ್ಧ ದಿನ ರಜೆ ಹಾಕಿ ಹೋಗ್ಲಾ? ಓನರ್ ಕರೀತಿದಾರೆ.

ಡಾಕ್ಟರ್: ಬೇಡ. ಆಸ್ಪತ್ರೆ ಚೀಟಿ ತೋರಿಸಿದ್ರೆ ಪೊಲೀಸರು ಬಿಡ್ತಾರೆ. ಆಟೋ ಸಿಗದಿದ್ರೆ 108. ಓನರ್ ಜೊತೆ ನಾನು ಮಾತಾಡ್ತೀನಿ.

ರಾಜಣ್ಣ: ನಾನು ಮೊದಲಿಂದ ಹೇಳ್ತಾನೇ ಇದೀನಿ, ಈ ಫಂಗಸ್ ಬರೋದೇ ಮಾಸ್ಕಿಂದ. ಒದ್ದೆ ಮಾಸ್ಕು, ಆಮೇಲೆ ಈರುಳ್ಳಿ ಸಿಪ್ಪೆ ಮೇಲಿನ ಕಪ್ಪು. ವಿಡಿಯೋ ಇದೆ, ಹಾಕ್ಲಾ?

ಡಾಕ್ಟರ್: ಹಾಕಬೇಡಿ. ಈರುಳ್ಳಿ ಕಪ್ಪು ಬೇರೆ ಜಾತಿ ಬೂಷ್ಟು, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಮಾಸ್ಕ್ ದಿನಾ ಒಗೆದು ಬಿಸಿಲಿಗೆ ಹಾಕಿ. ಇದು ಬಸ್ಸಲ್ಲಿ ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಒಂದು ನಿಮಿಷದ ಹಿಂದೆ ಅವರ ಮೂಗಿಗೆ ನಿಂಬೆರಸ ಬಿಡು ಅಂದ್ರಿ ನೀವು. ಅದನ್ನ ಡಿಲೀಟ್ ಮಾಡಿ ರಾಜಣ್ಣ.

ರಾಜಣ್ಣ: ನಮ್ಮಜ್ಜಿ ಕಾಲದ ಔಷಧಿ ಮೇಡಂ. ಇಂಗ್ಲಿಷ್ ಔಷಧಿಯಿಂದಾನೇ ಅವನಿಗೆ ಈ ಗತಿ ಬಂದಿದ್ದು, ನೀವೇ ಹೇಳಿದ್ರಲ್ಲ.

ಡಾಕ್ಟರ್: ನಿಮ್ಮಜ್ಜಿ ನಿಂಬೆರಸ ಪಾನಕಕ್ಕೆ ಹಾಕಿರ್ತಾರೆ.

ಅನಿತಾ: ಮೇಡಂ, ನಮ್ಮಪ್ಪ ಮೇ ತಿಂಗಳಲ್ಲಿ ಹೋದ್ರು. ನಾನೇ ಆಫೀಸಿಂದ ತಂದೆ ಅಂತ ಅನ್ಸುತ್ತೆ. ನಾಳೆ ಬಸ್ ಹತ್ತಬೇಕು ಅಂದ್ರೆ ಕೈ ನಡುಗುತ್ತೆ. ಇದಕ್ಕೆ ಏನಾದ್ರೂ ಮಾತ್ರೆ ಇದೆಯಾ?

ಪ್ರದೀಪ್: ನಿಂತು ಹೋಗೋ ಹಾಗಿಲ್ಲ ಅಂತಾರೆ. ಆದ್ರೆ ಜಾಲಹಳ್ಳಿ ಕ್ರಾಸಲ್ಲಿ ಕಂಡಕ್ಟರ್‌ಗಳೇ ಕೂಗಿ ಕೂಗಿ ಹತ್ತಿಸ್ಕೋತಾರೆ. ಅವರ ಮಾಸ್ಕೇ ಗಲ್ಲದ ಕೆಳಗಿರುತ್ತೆ.

ಶಿವು ಕಂಡಕ್ಟರ್: ವಿಷಲ್ ಊದೋಕೆ ಮಾಸ್ಕ್ ಇಳಿಸದೆ ಏನ್ ಮಾಡ್ಲಿ ಸ್ವಾಮಿ, ಮೂಗಲ್ಲಿ ಊದ್ಲಾ? ಸೀಟ್ ಫುಲ್ ಅಂದ್ರೆ ಬಾಗಿಲಿಗೆ ನೇತಾಡ್ತಾರೆ. ಇಳಿಸಿದ್ರೆ ಕೊರಳಪಟ್ಟಿ ಹಿಡೀತಾರೆ, ಹತ್ತಿಸ್ಕೊಂಡ್ರೆ ಚೆಕಿಂಗ್‌ನವರು ಮೆಮೊ ಕೊಡ್ತಾರೆ.

ಪ್ರದೀಪ್: ಏಪ್ರಿಲ್‌ನಲ್ಲಿ ಎರಡು ವಾರ ಮುಷ್ಕರ ಮಾಡಿದ್ರಲ್ಲ, ಆಗ ನಮ್ಮ ಗತಿ ಯಾರು ನೋಡಿದ್ರು?

ಶಿವು ಕಂಡಕ್ಟರ್: ನಿಮಗೆ ವರ್ಕ್ ಫ್ರಮ್ ಹೋಮ್ ಇತ್ತಲ್ಲ ಗುರುಗಳೇ. ಆರನೇ ವೇತನ ಆಯೋಗ ಕೇಳಿದ್ದು ನಿಮ್ಮ ಲ್ಯಾಪ್‌ಟಾಪ್‌ಗೆ ಭಾರ ಆಯ್ತಾ?

ಲೋಕೇಶ್: ಎಲ್ಲರೂ ಒಂದು ಸ್ಕೂಟರ್ ತಗೊಂಡ್ರೆ ಮುಗೀತು.

ಸವಿತಾ: ಪೆಟ್ರೋಲ್ ನೂರು ದಾಟಿದೆ. ಸ್ಕೂಟರ್ ನೀವು ಕೊಡಿಸ್ತೀರಾ ಅಣ್ಣ?

ಅಡ್ಮಿನ್: ದಯವಿಟ್ಟು ಆರೋಗ್ಯದ ಪ್ರಶ್ನೆ ಮಾತ್ರ.

ನಂದೀಶ: ಮೇಡಂ, ಕೋವಿಡ್ ಬಂದು 15 ದಿನ ಆಯ್ತು, ಜ್ವರ ಇಲ್ಲ. ಕಂಪನಿಯವರು ನೆಗೆಟಿವ್ ರಿಪೋರ್ಟ್ ಇಲ್ದೆ ಗೇಟಲ್ಲಿ ಬಿಡಲ್ವಂತೆ.

ಡಾಕ್ಟರ್: ಲಕ್ಷಣ ಶುರುವಾಗಿ 10 ದಿನ, ಕೊನೇ 3 ದಿನ ಜ್ವರ ಇಲ್ಲ, ಅಷ್ಟಾದ್ರೆ ಮತ್ತೆ ಟೆಸ್ಟ್ ಬೇಡ ಅಂತ ಸರ್ಕಾರದ ಹೋಮ್ ಐಸೋಲೇಷನ್ ನಿಯಮವೇ ಹೇಳುತ್ತೆ. ಸತ್ತ ವೈರಸ್ಸಿನ ಚೂರಿಗೂ ವಾರಗಟ್ಟಲೆ ಪಾಸಿಟಿವ್ ಬರುತ್ತೆ. ಫಿಟ್ನೆಸ್ ಚೀಟಿ ನಾನು ಕೊಡ್ತೀನಿ, ನಾಳೆ ಬನ್ನಿ. ಲಸಿಕೆಗೆ ನೀವು 3 ತಿಂಗಳು ಕಾಯಬೇಕು.

ಶಾಂತಮ್ಮ: ಒಂದ್ ಡೋಸ್ ಆಗಿದೆ ಕಣಮ್ಮ. ಬಸ್ಸಲ್ಲಿ ಹೋಗಬಹುದಾ?

ಡಾಕ್ಟರ್: ಮೇಲೆ ಇದೆ ಶಾಂತಮ್ಮ. ಕಿಟಕಿ, ಮಾಸ್ಕು, ಮೌನ.

ರಾಜಣ್ಣ: ಕಷಾಯದ ಬಗ್ಗೆ ಒಂದೇ ಒಂದು ಮಾತು. ದಿನಕ್ಕೆ ಐದು ಸಲ ಕುಡಿದ್ರೆ...

ಡಾಕ್ಟರ್: ಕುಡೀರಿ. ಐದು ಸಲ ಕುಡಿದವರೇ ಎದೆ ಉರಿ ಅಂತ ನನ್ನ ಕ್ಲಿನಿಕ್ಕಿಗೆ ಬರ್ತಾರೆ.

ರಾಜಣ್ಣ: ಡಾಕ್ಟ್ರಾದ್ರೆ ಇಷ್ಟು ಸೊಕ್ಕು ಇರಬಾರದು.

ಗೀತಾ: ರಾಜಣ್ಣ, ಸಾಕು ಮಾಡಿ. ಒಬ್ಬರ ಕಣ್ಣು ಹೋಗೋ ಹಾಗಿದೆ, ನಿಮ್ಮದು ಕಷಾಯ.

ರಾಜಣ್ಣ: ನೀನು ಯಾರಮ್ಮ ನನಗೆ ಹೇಳೋಕೆ?

ಅಡ್ಮಿನ್: ರಾಜಣ್ಣ ಅವರನ್ನ ನಾಳೆ ಬೆಳಿಗ್ಗೆವರೆಗೆ ಮ್ಯೂಟ್ ಮಾಡಿದೀನಿ.

ಅನಿತಾ: ಮೇಡಂ, ನನ್ನ ಪ್ರಶ್ನೆ ಮೇಲೆ ಇದೆ.

ಲೋಕೇಶ್: ಕೊಡಗಿನ ಕಡೆ ಒಬ್ಬರು ಪುಡಿ ಕೊಡ್ತಾರಂತೆ, ಯಾರಿಗಾದ್ರೂ ನಂಬರ್ ಬೇಕಾ?

ಡಾಕ್ಟರ್: ಅಡ್ಮಿನ್, ನಾನು ಇನ್ನು ಹೊರಡ್ತೀನಿ. ಮಂಜುನಾಥ್ ಇನ್ನೂ ಫೋನ್ ಎತ್ತುತ್ತಿಲ್ಲ. ಅವರ ಮನೆ ಪಕ್ಕದಲ್ಲಿ ಯಾರಾದ್ರೂ ಇದ್ದಾರಾ? ಯಾರಾದ್ರೂ ಬಾಗಿಲು ತಟ್ಟಿ.

ಶಿವು ಕಂಡಕ್ಟರ್: ನಮ್ಮ ಬೀದೀನೇ. ಹೋಗ್ತಿದೀನಿ.

(ರಾತ್ರಿ 11.50)

ಮಂಜುನಾಥ್: ಮೇಡಂ, ನಾನು ಅವರ ಮನೆಯವಳು. ಶಿವಣ್ಣ ಬಂದು ಆಟೋ ಹಿಡಿಸ್ಕೊಟ್ರು. ಶುಗರ್ 412 ಬಂತು. ಕ್ಯಾಮರಾ ಹಾಕಿ ನೋಡಿ ಒಳಗೆ ಮಲಗಿಸ್ಕೊಂಡಿದಾರೆ. ಕಣ್ಣಿಗೆ ಇನ್ನೂ ಬಂದಿಲ್ಲ ಅನ್ಸುತ್ತೆ, ಸ್ಕ್ಯಾನ್ ಆದ್ಮೇಲೆ ಹೇಳ್ತೀವಿ ಅಂದ್ರು.

ಡಾಕ್ಟರ್: ಹಳೇ ಚೀಟಿ, ಖಾಲಿ ಮಾತ್ರೆ ಪಟ್ಟಿ ಎಲ್ಲಾ ಅವರಿಗೆ ಕೊಡಿ. ಎಷ್ಟು ದಿನ ತಗೊಂಡ್ರು ಅನ್ನೋದನ್ನ ಮುಚ್ಚಿಡಬೇಡಿ. ನೀವೂ ಊಟ ಮಾಡಿ.

(ಸೋಮವಾರ ಬೆಳಿಗ್ಗೆ 8.20)

ಶಿವು ಕಂಡಕ್ಟರ್: ಎಂಟನೇ ಮೈಲಿ ದಾಟಿದ್ವಿ. ನಿಂತಿರೋರು 14 ಜನ, ಇಳೀರಿ ಅಂದ್ರೆ ಒಬ್ಬರೂ ಇಳೀತಿಲ್ಲ. ಮಳೆ ಶುರುವಾಗಿದೆ. ಕಿಟಕಿ ಮುಚ್ಚೋಕೆ ಬಿಟ್ಟಿಲ್ಲ, ಎಲ್ಲಾ ಬೈತಿದಾರೆ.