ಕಾಪಿ ಹೊಡೆದು ಡಿಬಾರ್ ಆದವರಿಗೆ ವಕೀಲಿ ಸನ್ನದು ಸಿಗುತ್ತದೆಯೇ? ಚುನಾವಣೆಗೆ ನಿಲ್ಲಬಹುದೇ?

ಪ್ರಶ್ನೆ (ಕುಮಟಾ): ವಕೀಲರಿಗೆ ನಮಸ್ಕಾರ. ನಮ್ಮ ಅಕ್ಕನ ಮಗ ಬಿ.ಕಾಂ. ಓದುವಾಗ ಚೀಟಿ ಇಟ್ಟುಕೊಂಡು ಸ್ಕ್ವಾಡಿಗೆ ಸಿಕ್ಕಿಬಿದ್ದಿದ್ದ. ಆ ಸೆಮಿಸ್ಟರಿನ ಅಷ್ಟೂ ಪೇಪರ್ ರದ್ದಾಯಿತು, ಮತ್ತೆ ಬರೆದು ಪಾಸಾದ. ಈಗ ಎಲ್‌ಎಲ್‌ಬಿ ಕೊನೆಯ ವರ್ಷ. "ಅವನಿಗೆ ಸನ್ನದು ಸಿಗೂದಿಲ್ಲ" ಎಂದು ಊರಲ್ಲಿ ಯಾರೋ ಹೇಳಿ ಮನೆಯವರ ನಿದ್ದೆ ಕೆಡಿಸಿದ್ದಾರೆ. ನಿಜವೇ?

ಉತ್ತರ (ವಕೀಲರು, ಶಿರಸಿ): ನಿಜವಲ್ಲ, ಆರಾಮಾಗಿ ನಿದ್ದೆ ಮಾಡಲಿ. ಸನ್ನದು ಯಾರಿಗೆ ಕೊಡಬಾರದು ಎಂಬುದು 1961ರ ವಕೀಲರ ಕಾಯ್ದೆಯ 24-ಎ ಕಲಮಿನಲ್ಲಿದೆ. ನೈತಿಕ ಅಧಃಪತನದ ಅಪರಾಧಕ್ಕೆ ಕೋರ್ಟಿನಲ್ಲಿ ಶಿಕ್ಷೆಯಾದವರು, ಅಸ್ಪೃಶ್ಯತಾ ಅಪರಾಧದ ಕಾಯ್ದೆಯಡಿ ಶಿಕ್ಷೆಯಾದವರು, ಅಂಥದೇ ಆರೋಪದ ಮೇಲೆ ಸರ್ಕಾರಿ ನೌಕರಿಯಿಂದ ವಜಾ ಆದವರು, ಇಷ್ಟೇ. ಅದೂ ಶಾಶ್ವತವಲ್ಲ, ಬಿಡುಗಡೆಯಾಗಿಯೋ ವಜಾ ಆಗಿಯೋ ಎರಡು ವರ್ಷ ಕಳೆದರೆ ಅಡ್ಡಿ ಹೋಗುತ್ತದೆ. ವಿಶ್ವವಿದ್ಯಾಲಯದ ಮಾಲ್‌ಪ್ರಾಕ್ಟೀಸ್ ಸಮಿತಿ ಕೊಟ್ಟ ದಂಡನೆ ಕೋರ್ಟಿನ ಶಿಕ್ಷೆಯಲ್ಲ.

ಒಂದೇ ಒಂದು ಸಂಗತಿ ಖಾತ್ರಿ ಮಾಡಿಕೊಳ್ಳಿ: ಆಗ ಪೊಲೀಸ್ ಕೇಸ್ ಆಗಿತ್ತೇ? ಚೀಟಿಯ ಮಟ್ಟದ್ದು ಸಾಮಾನ್ಯವಾಗಿ ಕಾಲೇಜು, ವಿಶ್ವವಿದ್ಯಾಲಯದಲ್ಲೇ ಮುಗಿಯುತ್ತದೆ. ಇನ್ನೊಬ್ಬನ ಬದಲು ಕೂತು ಬರೆದದ್ದು, ಮಾರ್ಕ್ಸ್ ಕಾರ್ಡ್ ತಿದ್ದಿದ್ದು ಠಾಣೆಗೆ ಹೋಗುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ನೋಡಿ. ಒಂದೇ ಹೆಸರಿನವರು ಬಹಳ ಜನ ಸಿಗುತ್ತಾರೆ, ಹಾಗಾಗಿ ಪರೀಕ್ಷಾ ಕೇಂದ್ರದ ವ್ಯಾಪ್ತಿಯ ಠಾಣೆಯಲ್ಲೂ ವಿಚಾರಿಸುವುದು ಒಳ್ಳೆಯದು.

ಪ್ರಶ್ನೆ (ಕುಮಟಾ): ಹಾಗಾದರೆ ಅರ್ಜಿಯಲ್ಲಿ ಈ ವಿಷಯ ಬರೆಯುವುದೇ ಬೇಡವಾ?

ಉತ್ತರ (ವಕೀಲರು, ಶಿರಸಿ): ಫಾರಮಿನಲ್ಲಿ ಏನು ಕೇಳಿದೆ ಎಂದು ಅಕ್ಷರ ಅಕ್ಷರ ಓದಿ, ಕೇಳಿದ್ದಕ್ಕೆ ನಿಜ ಬರೆಯಿರಿ. ಕ್ರಿಮಿನಲ್ ಕೇಸ್ ಕೇಳಿದ್ದರೆ ಅದಕ್ಕೆ ಮಾತ್ರ ಉತ್ತರ. "ಶಿಕ್ಷಣ ಸಂಸ್ಥೆಯಿಂದ ಯಾವುದಾದರೂ ಶಿಸ್ತುಕ್ರಮ ಆಗಿದೆಯೇ" ಎಂದು ಕೇಳಿದ್ದರೆ ಎರಡು ಸಾಲಿನಲ್ಲಿ ಹೇಳಿ ಆದೇಶದ ಪ್ರತಿ ಲಗತ್ತಿಸಿ. ಕಾಯ್ದೆಯ 26ನೇ ಕಲಮಿನ ಪ್ರಕಾರ, ಮುಖ್ಯ ಸಂಗತಿಯನ್ನು ತಪ್ಪಾಗಿ ಹೇಳಿ ಸನ್ನದು ಪಡೆದಿದ್ದರೆ ಭಾರತೀಯ ವಕೀಲರ ಪರಿಷತ್ತು ಯಾವಾಗ ಬೇಕಾದರೂ ಪಟ್ಟಿಯಿಂದ ಹೆಸರು ತೆಗೆಯಬಹುದು. ಹದಿನೈದು ವರ್ಷ ಪ್ರಾಕ್ಟೀಸ್ ಮಾಡಿದ ಮೇಲೂ.

ಅದಕ್ಕಿಂತ ಮೊದಲೇ ಇನ್ನೊಂದು ಘೋಷಣೆ ಬರುತ್ತದೆ. 2024ರ ಸೆಪ್ಟೆಂಬರಿನ ಪರಿಷತ್ತಿನ ಸುತ್ತೋಲೆಯಂತೆ ಅಂತಿಮ ಅಂಕಪಟ್ಟಿ ಕೊಡುವ ಮುನ್ನ ಕಾನೂನು ವಿದ್ಯಾರ್ಥಿ ತನ್ನ ಮೇಲಿನ ಎಫ್‌ಐಆರ್, ಕೇಸು, ಶಿಕ್ಷೆ, ಖುಲಾಸೆ ಎಲ್ಲವನ್ನೂ ಕಾಲೇಜಿಗೆ ತಿಳಿಸಬೇಕು. ಖುಲಾಸೆ ಆಯಿತಲ್ಲ ಎಂದು ಬಿಟ್ಟುಬಿಡುವವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಆದೇಶದ ಪ್ರತಿ ಕಳೆದಿದ್ದರೆ ವಿಶ್ವವಿದ್ಯಾಲಯಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ರಿಜಿಸ್ಟರ್ ನಂಬರು, ಪರೀಕ್ಷೆಯ ತಿಂಗಳು ಮತ್ತು ವರ್ಷ ಬರೆಯದಿದ್ದರೆ "ಮಾಹಿತಿ ಲಭ್ಯವಿಲ್ಲ" ಎಂದೇ ಉತ್ತರ ಬರುತ್ತದೆ.

ಪ್ರಶ್ನೆ (ಅಂಕೋಲಾ): ವಕೀಲರಿಗೇ ಇಷ್ಟು ಸಲೀಸಾದರೆ ರಾಜಕಾರಣಿಗಳಿಗೆ ಕೇಳುವವರೇ ಇಲ್ಲ ಅನ್ನಿ!

ಉತ್ತರ (ಚುನಾವಣಾ ವ್ಯಾಜ್ಯದ ವಕೀಲರು, ಕಾರವಾರ): ಕಾಪಿ ಹೊಡೆದದ್ದನ್ನು ಯಾರೂ ಕೇಳುವುದಿಲ್ಲ, ಸರಿ. ಪ್ರಜಾಪ್ರತಿನಿಧಿ ಕಾಯ್ದೆಯ 8(3)ರಂತೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಜೈಲು ಶಿಕ್ಷೆಯಾದರೆ ಅನರ್ಹತೆ, ಬಿಡುಗಡೆಯಾದ ಮೇಲೆ ಮತ್ತೆ ಆರು ವರ್ಷ. ಚೀಟಿಗೆ ಅಷ್ಟು ಶಿಕ್ಷೆ ಎಲ್ಲಿಂದ ಬರಬೇಕು? ನಕಲಿ ಪದವಿಯ ಕಥೆ ಬೇರೆ, ಅದು ಫೋರ್ಜರಿ.

ಅಭ್ಯರ್ಥಿಗಳು ಎಡವುವುದು ಫಾರಂ 26ರ ಅಫಿಡವಿಟ್ಟಿನಲ್ಲಿ. ಅಲ್ಲಿ ಅತ್ಯುನ್ನತ ವಿದ್ಯಾರ್ಹತೆ, ಸಂಸ್ಥೆಯ ಹೆಸರು, ಮುಗಿಸಿದ ವರ್ಷ ಬರೆಯಬೇಕು. ಬಿ.ಎ. ಅರ್ಧಕ್ಕೆ ಬಿಟ್ಟವರು "ಬಿ.ಎ." ಎಂದು ಗೀಚುತ್ತಾರೆ. ಪಿಯುಸಿ ಪಾಸಾಗಿದ್ದರೆ ಪಿಯುಸಿ ಎಂದೇ ಬರೆಯಿರಿ, ಶಾಸಕನಾಗಲು ಡಿಗ್ರಿಯೇನೂ ಬೇಕಿಲ್ಲ. ಚುನಾವಣಾಧಿಕಾರಿ ಕಾಲಂ ಖಾಲಿ ಇದೆಯೇ ಎಂದು ನೋಡುತ್ತಾರೆ, ಬರೆದದ್ದು ನಿಜವೇ ಎಂದು ತನಿಖೆ ಮಾಡುತ್ತ ಕೂರುವುದಿಲ್ಲ. ನಾಮಪತ್ರ ಸ್ವೀಕಾರವಾಯಿತು, ಗೆದ್ದೆವು, ಇನ್ನೇನು ಭಯ ಎಂಬ ಧೈರ್ಯ ಹುಟ್ಟುವುದು ಇಲ್ಲಿಂದಲೇ.

ಮಣಿಪುರದ ಮೊಯಿರಾಂಗ್ ಕ್ಷೇತ್ರದಲ್ಲಿ 2012ರಲ್ಲಿ ಗೆದ್ದ ಪೃಥ್ವಿರಾಜ್ ಸಿಂಗ್ ಮೈಸೂರು ವಿಶ್ವವಿದ್ಯಾಲಯದ ಎಂಬಿಎ ಎಂದು ಬರೆದಿದ್ದರು. ಆ ಪದವಿ ಅವರಲ್ಲಿರಲಿಲ್ಲ. ಗುಮಾಸ್ತರ ಕೈತಪ್ಪು ಎಂಬ ಸಮಜಾಯಿಷಿ ನಡೆಯಲಿಲ್ಲ, 2016ರಲ್ಲಿ ಸುಪ್ರೀಂ ಕೋರ್ಟ್ ಆಯ್ಕೆ ಅಸಿಂಧು ಎಂಬ ತೀರ್ಪನ್ನೇ ಎತ್ತಿಹಿಡಿಯಿತು. ದೆಹಲಿಯ ಜಿತೇಂದರ್ ಸಿಂಗ್ ತೋಮರ್ ಅಂತೂ ಕಾನೂನು ಮಂತ್ರಿ. 2015ರ ಜೂನಿನಲ್ಲಿ ನಕಲಿ ಕಾನೂನು ಪದವಿಯ ಆರೋಪದಲ್ಲಿ ಬಂಧನವಾಯಿತು, 2020ರಲ್ಲಿ ಹೈಕೋರ್ಟ್ ಅವರ ಆಯ್ಕೆಯನ್ನೇ ರದ್ದು ಮಾಡಿತು.

ಪ್ರಶ್ನಿಸುವವರಿಗೆ ಸಮಯ ಕಮ್ಮಿ. ಫಲಿತಾಂಶದ ದಿನದಿಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ, ಜೊತೆಗೆ 2,000 ರೂಪಾಯಿ ಠೇವಣಿ. 46ನೇ ದಿನ ಎಷ್ಟೇ ಒಳ್ಳೆಯ ದಾಖಲೆ ತಂದರೂ ಪ್ರಯೋಜನವಿಲ್ಲ. ವಿಶ್ವವಿದ್ಯಾಲಯದ ದೃಢೀಕರಣ ಬರಲು ಅದಕ್ಕಿಂತ ತಡವಾಗುವುದುಂಟು, ಆದ್ದರಿಂದ ಅಫಿಡವಿಟ್ ಪ್ರಕಟವಾದ ದಿನವೇ ಪತ್ರ ಹಾಕಬೇಕು.

ಪ್ರಶ್ನೆ (ಅಂಕೋಲಾ): ಸುಳ್ಳು ಅಫಿಡವಿಟ್‌ಗೆ ಜೈಲಿಲ್ಲವೇ?

ಉತ್ತರ (ಚುನಾವಣಾ ವ್ಯಾಜ್ಯದ ವಕೀಲರು, ಕಾರವಾರ): ಪ್ರಜಾಪ್ರತಿನಿಧಿ ಕಾಯ್ದೆಯಲ್ಲೇ 125-ಎ ಕಲಮಿದೆ. ಹೆಚ್ಚೆಂದರೆ ಆರು ತಿಂಗಳು, ಇಲ್ಲವೇ ದಂಡ, ಇಲ್ಲವೇ ಎರಡೂ. ಲೆಕ್ಕ ಹಾಕಿ: ಅನರ್ಹತೆಗೆ ಎರಡು ವರ್ಷ ಬೇಕು, ಈ ಕಲಮಿನ ಗರಿಷ್ಠವೇ ಆರು ತಿಂಗಳು. ಅಂದರೆ ಸುಳ್ಳು ಬರೆದು ತಪ್ಪಿತಸ್ಥನಾದವನೂ ಮುಂದಿನ ಸಲ ಮತ್ತೆ ನಿಲ್ಲಬಹುದು. ಇದನ್ನು ಕನಿಷ್ಠ ಎರಡು ವರ್ಷಕ್ಕೆ ಏರಿಸಿ ಅನರ್ಹತೆಗೂ ಸೇರಿಸಿ ಎಂದು ಕಾನೂನು ಆಯೋಗ 2014ರ 244ನೇ ವರದಿಯಲ್ಲೇ ಹೇಳಿತ್ತು.

ಉತ್ತರ (ಕಾನೂನು ಉಪನ್ಯಾಸಕರು, ಶಿರಸಿ): ಒಂದು ಮಾತು ಸೇರಿಸುತ್ತೇನೆ. ಇಬ್ಬರಿಗೂ ಒಂದೇ ಅಳತೆ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ರಾಜಕಾರಣಿಯನ್ನು ಐದು ವರ್ಷಕ್ಕೊಮ್ಮೆ ಮತದಾರ ತೂಗುತ್ತಾನೆ, ಅವನಿಗೆ ವಿಷಯ ಗೊತ್ತಿದ್ದರಾಯಿತು. ಜೋ ಬೈಡನ್ 1965ರಲ್ಲಿ ಕಾನೂನು ಓದುವಾಗ ಪ್ರಬಂಧವೊಂದರಲ್ಲಿ ಬೇರೆಯವರ ಲೇಖನದ ಐದು ಪುಟ ಎತ್ತಿಕೊಂಡು ನಪಾಸಾಗಿ ಆ ಕೋರ್ಸನ್ನು ಮತ್ತೆ ಮಾಡಿದ್ದರು. ವಿಷಯ ಹೊರಬಂದ 1987ರಲ್ಲಿ, ಭಾಷಣ ನಕಲಿನ ಗದ್ದಲವೂ ಸೇರಿ, ಅಧ್ಯಕ್ಷ ಸ್ಪರ್ಧೆಯಿಂದ ಹಿಂದೆ ಸರಿದರು. 2020ರಲ್ಲಿ ಅದೇ ಮತದಾರರು ಗೆಲ್ಲಿಸಿದರು. ವಕೀಲನ ಕಕ್ಷಿದಾರನಿಗೆ ಆ ಅವಕಾಶವಿಲ್ಲ. ಹೊನ್ನಾವರದ ಮೀನುಗಾರ ವಕಾಲತ್ತಿಗೆ ಸಹಿ ಹಾಕುವಾಗ ವಕೀಲರ ಅಂಕಪಟ್ಟಿ ನೋಡುವುದುಂಟೇ? ಹಾಗಾಗಿ ವಕೀಲರ ವಿಷಯದಲ್ಲಿ ಪರಿಷತ್ತೇ ಕಟ್ಟುನಿಟ್ಟಾಗಿರಬೇಕು. ಆದರೆ ಹತ್ತೊಂಬತ್ತರ ಹುಡುಗನ ಚೀಟಿಗೆ ಜೀವನಪೂರ್ತಿ ಬಾಗಿಲು ಮುಚ್ಚುವುದು ಅತಿಯಾಯಿತು. ಎಲ್‌ಎಲ್‌ಬಿಯಲ್ಲೂ ಮತ್ತೆ ಸಿಕ್ಕಿಬಿದ್ದಿದ್ದರೆ ನಾನು ಬೇರೆ ಮಾತಾಡುತ್ತಿದ್ದೆ.

ಪ್ರಶ್ನೆ (ಕುಮಟಾ): ಉಪಕಾರವಾಯಿತು. ಎನ್‌ರೋಲ್‌ಮೆಂಟ್ ಫೀ ಎಷ್ಟು, ಅದನ್ನೂ ಹೇಳಿಬಿಡಿ.

ಉತ್ತರ (ವಕೀಲರು, ಶಿರಸಿ): 2024ರ ಜುಲೈ 30ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಕಾಯ್ದೆಯಲ್ಲಿರುವ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125. ಸ್ಟಾಂಪ್ ಡ್ಯೂಟಿ ಇದ್ದರೆ ಬೇರೆ. ಎಸ್‌ಎಸ್‌ಎಲ್‌ಸಿಯಿಂದ ಎಲ್ಲ ಮೂಲ ಅಂಕಪಟ್ಟಿ ಜೋಡಿಸಿಟ್ಟುಕೊಳ್ಳಲಿ, ಆ ರದ್ದಾದ ಸೆಮಿಸ್ಟರಿನ ಮರುಪರೀಕ್ಷೆಯದನ್ನೂ. ಅದೊಂದು ಕಡಿಮೆಯಾದರೆ ಮತ್ತೆ ಬೆಂಗಳೂರಿಗೆ ಓಡಬೇಕಾದೀತು.