ಪಾಗಾರ ಎತ್ತರಿಸಿದರೆ ಕಳ್ಳತನ ನಿಲ್ಲುತ್ತದೆಯೇ?

ಪ್ರಶ್ನೆ – ಮಣಿಪಾಲದ ನಿವಾಸಿ

ಉಡುಪಿ–ಮಣಿಪಾಲ ರಸ್ತೆಯಿಂದ ಒಳಗೆ ಹೋಗುವ ಅಡ್ಡರಸ್ತೆಯೊಂದರಲ್ಲಿ ನಮ್ಮ 22 ಮನೆಗಳ ಬಡಾವಣೆ ಇದೆ. ಅವುಗಳಲ್ಲಿ ಆರೇಳು ಮನೆಯವರು ಮುಂಬಯಿಯಲ್ಲೋ ದುಬೈಯಲ್ಲೋ ಇರುವುದರಿಂದ ವರ್ಷದ ಹೆಚ್ಚಿನ ತಿಂಗಳು ಬಾಗಿಲಿಗೆ ಬೀಗವೇ. ಕಳೆದ ಮಳೆಗಾಲದಲ್ಲಿ ಎರಡು ಮನೆಗಳಿಗೆ ಕಳ್ಳರು ನುಗ್ಗಿದ ಮೇಲೆ, ಈಗ ನಾಲ್ಕೂವರೆ ಅಡಿ ಇರುವ ಮುರಕಲ್ಲಿನ ಪಾಗಾರಗಳನ್ನು ಎಂಟು ಅಡಿಗೆ ಏರಿಸಿ ಮೇಲೆ ಗಾಜಿನ ಚೂರು ನೆಡಬೇಕೆಂದು ನಿವಾಸಿಗಳ ಸಂಘದಲ್ಲಿ ಮಾತು ನಡೆಯುತ್ತಿದೆ. ಇಷ್ಟು ಹಣ ಸುರಿಯುವ ಮೊದಲು ತಿಳಿದವರ ಅಭಿಪ್ರಾಯ ಬೇಕಾಗಿದೆ.

ಉತ್ತರ 1 – ನಿವೃತ್ತ ವಾಸ್ತುಶಿಲ್ಪಿ, ಉಡುಪಿ

ಎಂಟಡಿ ಪಾಗಾರ ಕಳ್ಳನನ್ನು ಅರ್ಧ ನಿಮಿಷ ತಡೆಯುತ್ತದೆ. ಅದನ್ನು ದಾಟಿದ ಮೇಲೆ ಅವನನ್ನು ರಾತ್ರಿಯಿಡೀ ಮರೆಮಾಡುತ್ತದೆ. ಬೀದಿಯತ್ತ ನೆಟ್ಟ ಕಣ್ಣುಗಳೇ ಬೀದಿಯ ಕಾವಲು ಎಂದು ನಗರಗಳ ಬಗ್ಗೆ ಬರೆದ ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ವಾದಿಸಿದ್ದರು. ನಮ್ಮ ರಥಬೀದಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಮಠಗಳೂ ಅಂಗಡಿಗಳೂ ಬೀದಿಗೆ ಮುಖಮಾಡಿ ನಿಂತಿರುವುದರಿಂದ ಅಲ್ಲಿ ಯಾರೂ ಯಾರ ಕಣ್ಣಿಗೂ ಬೀಳದೆ ನಡೆದುಹೋಗುವುದು ಕಷ್ಟ.

ಅಮೆರಿಕದ ಸೇಂಟ್ ಲೂಯಿಸ್ ನಗರದ ಪ್ರುಯಿಟ್–ಐಗೋ ವಸತಿ ಸಮುಚ್ಚಯದಲ್ಲಿ 11 ಅಂತಸ್ತಿನ 33 ಕಟ್ಟಡಗಳಿದ್ದವು. ಅಲ್ಲಿನ ಉದ್ದುದ್ದ ಓಣಿ, ಮೆಟ್ಟಿಲುಗಳು ಯಾರ ಸ್ವಂತದ್ದೂ ಆಗಿರಲಿಲ್ಲ, ಯಾರೂ ಅವುಗಳ ಮೇಲೆ ಕಣ್ಣಿಡುತ್ತಿರಲಿಲ್ಲ, ಅಲ್ಲಿ ಅಪರಾಧಗಳು ಹೆಚ್ಚಿ ಸಮುಚ್ಚಯವೇ ಹಾಳುಬಿತ್ತು. ರಸ್ತೆಯ ಆಚೆ ಬದಿಯ ತಗ್ಗು ಮನೆಗಳಲ್ಲಿ ಅಂಥದೇ ಬಡ ಕುಟುಂಬಗಳು ಇದ್ದರೂ ಆ ಜಾಗ ಅಷ್ಟು ಹಾಳಾಗಲಿಲ್ಲ ಎಂಬುದನ್ನು ವಾಸ್ತುಶಿಲ್ಪಿ ಆಸ್ಕರ್ ನ್ಯೂಮನ್ ಎತ್ತಿ ತೋರಿಸಿದರು. 1972ರಲ್ಲಿ ಆ ಕಟ್ಟಡಗಳನ್ನು ಕೆಡವಲು ಆರಂಭಿಸಿದರು. ದುರಸ್ತಿಗೆ ಹಣವಿಲ್ಲದ್ದು, ಜನ ಊರು ಬಿಟ್ಟದ್ದು ಸಹ ಅದಕ್ಕೆ ಕಾರಣ. ಎಲ್ಲ ತಪ್ಪನ್ನೂ ನಕ್ಷೆಯ ತಲೆಗೆ ಕಟ್ಟುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ನಿಮಗೆ ನನ್ನ ಸಲಹೆ: ಕಲ್ಲಿನ ಗೋಡೆ ಮೂರಡಿ ಸಾಕು, ಅದರ ಮೇಲೆ ಆಚೆಗೆ ಕಾಣುವಂಥ ಕಬ್ಬಿಣದ ಸರಳು ಹಾಕಿಸಿ, ಗೇಟಿಗೆ ತಗಡು ಹೊದಿಸಬೇಡಿ.

ಉತ್ತರ 2 – ಕಂಕನಾಡಿ, ಮಂಗಳೂರು

ಮೇಲಿನವರು ಹೇಳಿದ್ದನ್ನು ನಾನು ಹಣ ತೆತ್ತು ಕಲಿತೆ. ನಾವು ಏಳಡಿ ಪಾಗಾರ ಕಟ್ಟಿಸಿದ ಎರಡನೆಯ ವರ್ಷ, ಜುಲೈಯ ಒಂದು ರಾತ್ರಿ, ಹಿಂಬದಿಯಿಂದ ಕಳ್ಳ ಬಂದ. ಬೆಳಿಗ್ಗೆ ನೋಡಿದರೆ ಪಾಗಾರದ ಪಾಚಿಯ ಮೇಲೆ ಕಾಲು ಜಾರಿದ ಎರಡು ಗೀರುಗಳು, ಒಳಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೆಸರು, ಅಡುಗೆಮನೆಯ ಬಾಗಿಲ ಚಿಲಕವನ್ನು ಅವಸರವಿಲ್ಲದೆ ಬಿಚ್ಚಿ, ಸ್ಕ್ರೂಗಳನ್ನು ಬಾವಿಕಟ್ಟೆಯ ಮೇಲೆ ಸಾಲಾಗಿ ಇಟ್ಟುಹೋಗಿದ್ದ. ಅಷ್ಟು ನೆಮ್ಮದಿಯನ್ನು ಅವನಿಗೆ ನಮ್ಮ ಪಾಗಾರವೇ ಒದಗಿಸಿತ್ತು.

ದೀಪದ ಬಗ್ಗೆಯೂ ಒಂದು ಮಾತು. 2016ರಲ್ಲಿ ನ್ಯೂಯಾರ್ಕಿನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಹೆಚ್ಚುವರಿ ದೀಪಸ್ತಂಭಗಳನ್ನು ನಿಲ್ಲಿಸಿ ಪರೀಕ್ಷಿಸಿದಾಗ, ರಾತ್ರಿ ಹೊರಾಂಗಣದಲ್ಲಿ ನಡೆಯುವ ಗಂಭೀರ ಅಪರಾಧಗಳು ಸುಮಾರು ಶೇ. 36ರಷ್ಟು ಇಳಿದವು. ಆದರೆ ಗೇಟಿನ ಮೇಲೆ ಕಣ್ಣು ಕುಕ್ಕುವ ಎಲ್‌ಇಡಿ ಹಾಕಿದರೆ ದಾರಿಹೋಕನಿಗೆ ಅದರ ಹಿಂದಿನ ಅಂಗಳವೇ ಕಾಣದು. ಬೆಳಕು ಕೆಳಮುಖವಾಗಿರಲಿ, ಬೀದಿದೀಪವನ್ನು ಮುಚ್ಚಿರುವ ಮಾವಿನ ಕೊಂಬೆಯನ್ನು ಮಳೆಗಾಲಕ್ಕೆ ಮೊದಲು ಸವರಿಸಿ.

ಉತ್ತರ 3 – ಕುಂದಾಪುರ ಮೂಲದವರು, ಈಗ ಸುರತ್ಕಲ್

ಕಣ್ಣುಗಳ ಮಾತು ಸರಿ, ಆದರೆ ನೋಡುವವರು ಎಲ್ಲಿದ್ದಾರೆ? ಬೀಗ ಹಾಕಿದ ಮನೆಯ ಪಾಗಾರವನ್ನು ತಗ್ಗಿಸಿದರೆ, ಅಂಗಳದಲ್ಲಿ ಬಿದ್ದಿರುವ ತರಗೆಲೆ, ಗೇಟಿಗೆ ಸಿಕ್ಕಿಸಿದ ಹಳೆಯ ಕಾಗದಪತ್ರ ಕಂಡು, ಇಲ್ಲಿ ಯಾರೂ ಇಲ್ಲವೆಂಬುದು ಕಳ್ಳನಿಗೂ ತಿಳಿಯುತ್ತದೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಹಂಚಿನ ಮೇಲೆ ಸುರಿಯುವಾಗ ಪಕ್ಕದ ಮನೆಯ ಬಾಗಿಲು ಒಡೆದರೂ ಕೇಳಿಸದು. ಹಾಗಾಗಿ ಮೊದಲು ಅಂಗಳ ಗುಡಿಸಲು ಜನ ಗೊತ್ತುಮಾಡಿ, ಹಿಂಬಾಗಿಲನ್ನು ಭದ್ರಪಡಿಸಿ. ಪಾಗಾರದ ವಿಚಾರ ಆಮೇಲೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಮ್ಮಲ್ಲಿ ಕಳ್ಳತನವಾದ ಎರಡು ಮನೆಗಳನ್ನೂ ನಿನ್ನೆ ಮತ್ತೆ ನೋಡಿ ಬಂದೆ. ಎರಡರಲ್ಲೂ ಹಿಂಬದಿಯ ಪಾಗಾರ ಮೊದಲೇ ಏಳಡಿ ಇತ್ತು, ಅದನ್ನು ನಾವು ಯಾರೂ ಗಮನಿಸಿರಲಿಲ್ಲ. ಬೀಗ ಹಾಕಿದ ಮನೆಗಳ ಅಂಗಳವನ್ನು ವಾರಕ್ಕೆರಡು ಬಾರಿ ಗುಡಿಸಲು ಒಬ್ಬರು ಒಪ್ಪಿದ್ದಾರೆ, ಅವರ ಸಂಬಳವನ್ನು ಆ ಮನೆಯವರೇ ಹಂಚಿಕೊಳ್ಳಬೇಕೆಂದು ಭಾನುವಾರದ ಸಭೆಯಲ್ಲಿ ಕೇಳಲಿದ್ದೇನೆ. ಮುಂಬದಿಗೆ ಸರಳು ಹಾಕಿಸುವ ಖರ್ಚಿನ ಅಂದಾಜು ಯಾರಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ.