ಮಧ್ಯಾಹ್ನವಾದರೆ ನಿಂತುಬಿಡುವ ಅಂಬಾಸಿಡರ್: ಕಾರ್ಬೊರೇಟರ್ ಟ್ಯೂನಿಂಗ್ ಬಗ್ಗೆ ಅನುಭವ ಹಂಚಿಕೆ

ಪ್ರಶ್ನೆ, ಕಲಬುರಗಿಯಿಂದ:

ಎಲ್ಲರಿಗೂ ಶರಣು ಶರಣಾರ್ಥಿ. ನನ್ನ ಬಳಿ ತಂದೆಯವರ ಕಾಲದ, 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಅಂಬಾಸಿಡರ್ ಇದೆ. ಕಳೆದ ವರ್ಷ ಬೋರ್ ಮಾಡಿಸಿ (ಸಿಲಿಂಡರ್ ಕೊರೆಸಿ), ಹೆಡ್ ಫೇಸಿಂಗ್ ಮಾಡಿಸಿ (ಸಿಲಿಂಡರ್ ಮುಚ್ಚಳದ ತಳ ಸವರಿಸಿ), ಸೈಲೆನ್ಸರ್ ಪೈಪನ್ನು ದೊಡ್ಡದಾಗಿಸಿದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಹಳೆಯ ಸೋಲೆಕ್ಸ್ ಕಾರ್ಬೊರೇಟರಿನ ಜಾಗಕ್ಕೆ ಒಂದೂವರೆ ಇಂಚಿನ ಎಸ್.ಯು. ಕಾರ್ಬೊರೇಟರ್ ಬಂತು, ಎಂಜಿನ್ನಿಗೆ ಅಂಟಿಕೊಂಡಿದ್ದ ಪಂಪಿನ ಬದಲು ಎಲೆಕ್ಟ್ರಿಕ್ ಪಂಪು ಬಂತು. ಬೆಳಿಗ್ಗೆ ಗಾಡಿ ಚೆನ್ನಾಗಿಯೇ ಓಡುತ್ತದೆ. ಮಧ್ಯಾಹ್ನ ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ನಿಂತರೆ ಐಡ್ಲಿಂಗ್ ಏರಿಳಿದು ಬಂದಾಗುತ್ತದೆ, ಒಮ್ಮೆಲೇ ರೇಸ್ ಕೊಟ್ಟರೆ ಮುಗ್ಗರಿಸುತ್ತದೆ, ಚಹಾಕ್ಕೆಂದು ಹತ್ತು ನಿಮಿಷ ನಿಲ್ಲಿಸಿದರೆ ಪೆಟ್ರೋಲ್ ವಾಸನೆ ಹೊಡೆದು ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಪ್ಲಗ್ಗುಗಳು ಮಸಿಯಂತೆ ಕಪ್ಪಾಗಿವೆ. ಮೂರು ಬಾರಿ ಮಿಕ್ಸ್‌ಚರ್ (ಗಾಳಿ-ಪೆಟ್ರೋಲ್ ಪ್ರಮಾಣ) ತಿರುಗಿಸಿಯಾಯಿತು. ಇಂಥ ಎಂಜಿನ್ ಇಟ್ಟುಕೊಂಡವರು ತಮ್ಮ ಅನುಭವ ತಿಳಿಸಬೇಕು.

ಬೀದರ್‌ನಿಂದ:

ಸಹೋದರರೇ, ಮೊದಲು ಕಾರ್ಬೊರೇಟರಿನಿಂದ ಕೈ ತೆಗೆಯಿರಿ. ಟ್ಯಾಪೆಟ್ (ವಾಲ್ವಿನ ಸಂದು), ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸಂಪರ್ಕ), ಟೈಮಿಂಗ್ (ಕಿಡಿ ಹಾರುವ ಹೊತ್ತು) ಈ ಮೂರೂ ಸರಿಯಿಲ್ಲದೆ ಮಿಕ್ಸ್‌ಚರ್ ತಿರುಗಿಸುವುದೆಂದರೆ ಕತ್ತಲೆಯಲ್ಲಿ ಸೂಜಿಗೆ ದಾರ ಪೋಣಿಸಿದಂತೆ. ಪಾಯಿಂಟ್ ಗ್ಯಾಪ್ 15 ಥೌ (ಇಂಚಿನ ಸಾವಿರದಲ್ಲೊಂದು ಭಾಗವೇ ಒಂದು ಥೌ), ಪ್ಲಗ್ ಗ್ಯಾಪ್ 25 ಥೌ ಇರಲಿ. ಹೆಡ್ ಫೇಸಿಂಗ್‌ನಿಂದ ಕಂಪ್ರೆಶನ್ ಏರಿರುವುದರಿಂದ ಪುಸ್ತಕದ ಟೈಮಿಂಗನ್ನೇ ಕಣ್ಣುಮುಚ್ಚಿ ಇಡಬೇಡಿ. ಲೋಡಿನಲ್ಲಿ ಎಂಜಿನ್ ಕುಟ್ಟಿದರೆ ತುಸು ಹಿಂದಕ್ಕೆ ತನ್ನಿ.

ನಾನು ಮೂರು ತಿಂಗಳು ಕಾರ್ಬೊರೇಟರ್ ಬಿಚ್ಚಿ ಜೋಡಿಸಿದ ಮೇಲೆ, ದೋಷ ಡಿಸ್ಟ್ರಿಬ್ಯೂಟರಿನಲ್ಲಿ ಗಾಳಿಯ ಸೆಳೆತಕ್ಕೆ ತಕ್ಕಂತೆ ಟೈಮಿಂಗ್ ಹೊಂದಿಸುವ ಪೊರೆ, ಅಂದರೆ ವ್ಯಾಕ್ಯೂಮ್ ಡಯಾಫ್ರಮ್ಮಿನಲ್ಲಿದೆ ಎಂದು ಗೊತ್ತಾಯಿತು. ಪರೀಕ್ಷೆ ಸುಲಭ: ಕಾರ್ಬೊರೇಟರ್ ತುದಿಯಲ್ಲಿ ಡಯಾಫ್ರಮ್ಮಿಗೆ ಹೋಗುವ ಸಣ್ಣ ಪೈಪನ್ನು ಕಳಚಿ, ಬಾಯಿಂದ ಗಾಳಿ ಎಳೆದು ತುದಿಗೆ ನಾಲಿಗೆ ಒತ್ತಿ ಹಿಡಿಯಿರಿ. ಡಯಾಫ್ರಮ್ ಗಟ್ಟಿಯಿದ್ದರೆ ಪೈಪು ನಾಲಿಗೆಗೆ ಕಚ್ಚಿಕೊಂಡೇ ಇರುತ್ತದೆ, ಹರಿದಿದ್ದರೆ ಕೂಡಲೇ ಬಿಟ್ಟುಕೊಡುತ್ತದೆ. ಇದಾವುದೂ ಬೇಡವೆನಿಸಿದರೆ ಸೋಲೆಕ್ಸನ್ನೇ ಮರಳಿ ಹಾಕಿಸಿ, ನೆಮ್ಮದಿಯಾದರೂ ಸಿಗುತ್ತದೆ.

ಶಹಾಪುರದಿಂದ:

ನಿಮ್ಮ ಲಕ್ಷಣಗಳಲ್ಲಿ ನನಗೆ ದಿಗಿಲು ಹುಟ್ಟಿಸಿದ್ದು ಪೆಟ್ರೋಲ್ ವಾಸನೆ. ಎಸ್.ಯು. ಕಾರ್ಬೊರೇಟರಿನ ಫ್ಲೋಟ್ ಸೂಜಿ (ಪೆಟ್ರೋಲ್ ತುಂಬಿದಾಗ ಒಳಬರುವ ದಾರಿ ಮುಚ್ಚುವ ಸೂಜಿ) ಹೆಚ್ಚು ಒತ್ತಡವನ್ನು ತಡೆಯಲಾರದು. ಒತ್ತಡ ಸುಮಾರು 3 ಪಿ.ಎಸ್.ಐ. (ಚದರ ಇಂಚಿಗೆ ಪೌಂಡ್) ದಾಟಿದರೆ ಸೂಜಿ ಕೆಳಕ್ಕೆ ಸರಿದು, ಫ್ಲೋಟ್ ಚೇಂಬರ್ ತುಂಬಿ ಪೆಟ್ರೋಲ್ ಹೊರಗೆ ಚೆಲ್ಲುತ್ತದೆ. ಅಂಗಡಿಯಲ್ಲಿ ಕೈಗೆ ಸಿಕ್ಕ ಎಲೆಕ್ಟ್ರಿಕ್ ಪಂಪುಗಳಲ್ಲಿ ಎಷ್ಟೋ ಇದಕ್ಕಿಂತ ಜೋರಾಗಿ ತಳ್ಳುವಂಥವು. ಲೈನಿನಲ್ಲಿ ಒಂದು ಪ್ರೆಶರ್ ಗೇಜ್ ಕೂಡಿಸಿ ನೋಡಿ, ಹೆಚ್ಚಿದ್ದರೆ ರೆಗ್ಯುಲೇಟರ್ ಹಾಕಿಸಿ. ಈ ಎಂಜಿನ್ನಿನಲ್ಲಿ ಗಾಳಿ ಒಳಹೋಗುವುದೂ ಹೊಗೆ ಹೊರಬರುವುದೂ ಒಂದೇ ಬದಿಯಲ್ಲಾದ್ದರಿಂದ, ಚೆಲ್ಲಿದ ಪೆಟ್ರೋಲ್ ನೇರವಾಗಿ ಕಾದ ಎಗ್ಸಾಸ್ಟಿನ ಮೇಲೆಯೇ ಬೀಳುತ್ತದೆ ಎಂಬುದನ್ನು ಮರೆಯಬಾರದು. ಅದು ಸರಿಯಾಗುವ ತನಕ ಗಾಡಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಿ.

ಕಲಬುರಗಿಯಿಂದ ಮತ್ತೊಬ್ಬರು:

ಬೀದರಿನ ಸಹೋದರರ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. 1955ರ ಎಂ.ಜಿ.ಎ. ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ ಇದೇ ಮನೆತನದ 1489 ಸಿ.ಸಿ. ಎಂಜಿನ್ನಿಗೆ ಎರಡು ಎಸ್.ಯು. ಕೂಡಿಸಿದ್ದರು, ಆದ್ದರಿಂದ ಈ ಎಂಜಿನ್ನಿಗೆ ಎಸ್.ಯು. ಜೋಡಿಸಿದ್ದೇನೂ ತಪ್ಪಲ್ಲ. ಅದನ್ನು ನಮ್ಮ ಊರಿನ ಬಿಸಿಲಿಗೆ ಒಗ್ಗಿಸಬೇಕು. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುವಾಗ ಬಾನೆಟ್ ಒಳಗಿನ ಕಾವು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಹಳೆಯ ಟ್ಯಾಕ್ಸಿ ಚಾಲಕರು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಸುಮ್ಮನೆ ಅಲ್ಲ. ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡ್ (ಎಂಜಿನ್ನಿಗೆ ಮಿಶ್ರಣ ಒಯ್ಯುವ ಕೊಳವೆ) ನಡುವೆ ಕಾವು ತಡೆಯುವ ಬೇಕಲೈಟ್ ಸ್ಪೇಸರ್, ಅದರ ಕೆಳಗೆ ತಗಡಿನ ಹೀಟ್ ಶೀಲ್ಡ್ ಹಾಕಿಸಿ. ಚಹಾದ ಹತ್ತು ನಿಮಿಷದ ತೊಂದರೆಗೆ ಅರ್ಧ ಮದ್ದು ಅದೇ.

ರೇಸ್ ಕೊಟ್ಟಾಗ ಮುಗ್ಗರಿಸುವುದಕ್ಕೆ ಮೊದಲು ನೋಡಬೇಕಾದ್ದು ಡ್ಯಾಶ್‌ಪಾಟ್ (ಕಾರ್ಬೊರೇಟರಿನ ಒಳಗಿನ ಪಿಸ್ಟನ್ನಿನ ಓಟ ನಿಧಾನಿಸುವ ಕುಪ್ಪಿ) ಎಣ್ಣೆ. ಮೇಲಿನ ಪುಟ್ಟ ಮುಚ್ಚಳ ಬಿಚ್ಚಿ, ಅದರ ಕಡ್ಡಿಯನ್ನು ಮರಳಿ ಇಳಿಸುವಾಗ ಕೈಗೆ ತಡೆ ಸಿಗಬೇಕು. ಸಿಗದಿದ್ದರೆ ಎಣ್ಣೆ ಬತ್ತಿದೆ. ಆಗ ಕಾರ್ಬೊರೇಟರಿನ ಪಿಸ್ಟನ್ ಒಮ್ಮೆಲೇ ಮೇಲೆ ಹಾರಿ, ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುತ್ತದೆ. 20 ನಂಬರಿನ ಎಂಜಿನ್ ಎಣ್ಣೆ ಸಾಕು. ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟರೆ ‘ಟಕ್’ ಎಂದು ಕೂರಬೇಕು. ಸದ್ದು ಬರದಿದ್ದರೆ ಪಿಸ್ಟನ್ನಿನ ತಳದ ಸೂಜಿ ಜೆಟ್ಟಿಗೆ (ಪೆಟ್ರೋಲ್ ಚಿಮ್ಮುವ ರಂಧ್ರಕ್ಕೆ) ಉಜ್ಜುತ್ತಿದೆ.

ಮಿಕ್ಸ್‌ಚರ್ ಕೊನೆಯ ಕೆಲಸ. ಜೆಟ್ಟನ್ನು ಸೇತುವೆಯ (ಪಿಸ್ಟನ್ ಕೂರುವ ಅಡ್ಡಪಟ್ಟಿಯ) ಮಟ್ಟಕ್ಕೆ ತಂದು, ಕೆಳಗಿನ ನಟ್ಟನ್ನು ಎರಡು ಸುತ್ತು ಇಳಿಸಿ (ಇಳಿದಷ್ಟೂ ಪೆಟ್ರೋಲ್ ಹೆಚ್ಚು) ಅಲ್ಲಿಂದ ಆರಂಭಿಸಿ. ಎಂಜಿನ್ ಬಿಸಿಯಾದ ಮೇಲೆ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ತುಸು ಕಡಿಮೆ ಎತ್ತಿ ಹಿಡಿಯಿರಿ: ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲ್ ಹೆಚ್ಚು, ಎಂಜಿನ್ ಸಾಯಲು ಹೊರಟರೆ ಕಡಿಮೆ, ಕ್ಷಣಕಾಲ ತುಸು ಏರಿ ಮೊದಲಿನಂತಾದರೆ ಸರಿ. ನಟ್ಟಿನ ಆರು ಮುಖಗಳಲ್ಲಿ ಒಂದೊಂದೇ ಮುಖ ತಿರುಗಿಸಿ ನೋಡಬೇಕು. ಈಗ ಬಂಕಿನಲ್ಲಿ ಸಿಗುವ ಶೇ. 20ರ ಎಥನಾಲ್ ಪೆಟ್ರೋಲಿನ ಲೆಕ್ಕವೂ ಬೇರೆ: ಒಂದು ಕಿಲೋ ಬರಿಯ ಪೆಟ್ರೋಲಿಗೆ 14.7 ಕಿಲೋ ಗಾಳಿ ಬೇಕಾದರೆ, ಇದಕ್ಕೆ ಸುಮಾರು 13.5 ಕಿಲೋ ಸಾಕು. ಹಾಗಾಗಿ ಹಳೆಯ ಸೆಟ್ಟಿಂಗಿನಲ್ಲಿ ಗಾಡಿ ಬಡಕಲಾಗಿಯೇ, ಅಂದರೆ ಪೆಟ್ರೋಲ್ ಸಾಲದೆಯೇ ಓಡುತ್ತದೆ. ನಟ್ಟು ಒಂದೆರಡು ಮುಖ ಹೆಚ್ಚು ಇಳಿದರೆ ಗಾಬರಿ ಬೇಡ. ಎಥನಾಲ್ ತಿನ್ನುವ ಹಳೆಯ ರಬ್ಬರ್ ಪೈಪುಗಳನ್ನಂತೂ ಬದಲಿಸಿಬಿಡಿ.

ಪ್ರಶ್ನೆ ಕೇಳಿದವರು, ಎರಡು ವಾರದ ನಂತರ:

ಎಲ್ಲರಿಗೂ ಕೃತಜ್ಞತೆಗಳು. ಗೇಜಿನಲ್ಲಿ 5 ಪಿ.ಎಸ್.ಐ. ಕಂಡಿತು, ಡ್ಯಾಶ್‌ಪಾಟ್ ಪೂರ್ತಿ ಒಣಗಿತ್ತು. ರೆಗ್ಯುಲೇಟರ್ ಹಾಕಿಸಿ, ಎಣ್ಣೆ ತುಂಬಿದ ಮೇಲೆ ವಾಸನೆಯೂ ಮುಗ್ಗರಿಸುವುದೂ ಹೋದವು, ಪ್ಲಗ್ಗುಗಳು ಕಂದು ಬಣ್ಣಕ್ಕೆ ತಿರುಗಿವೆ. ನಾಲಿಗೆಯ ಪರೀಕ್ಷೆಯಲ್ಲಿ ಡಯಾಫ್ರಮ್ ಪಾಸಾಯಿತು, ಬಾಯಿಯ ರುಚಿ ಮಾತ್ರ ರಾತ್ರಿಯ ತನಕ ಹೋಗಲಿಲ್ಲ. ಸ್ಪೇಸರ್ ಇನ್ನೂ ಬಂದಿಲ್ಲ. ಈಗ ಉಳಿದದ್ದು ಒಂದೇ: ಐಡ್ಲಿಂಗ್ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಜೆಟ್ಟಿನ ಸೂಜಿ ಬದಲಿಸಬೇಕೇ?

ಶಹಾಪುರದಿಂದ:

ಸೂಜಿಗೆ ಈಗಲೇ ಹಣ ಹಾಕಬೇಡಿ. ಥ್ರಾಟಲ್ ಸ್ಪಿಂಡಲನ್ನು (ರೇಸ್ ಕೊಟ್ಟಾಗ ತಿರುಗುವ ಕಡ್ಡಿಯನ್ನು) ಎರಡು ಬೆರಳಿನಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಸಡಿಲ ಆಟ ಇದ್ದರೆ ಗಾಳಿ ಅಲ್ಲಿಂದಲೇ ನುಗ್ಗುತ್ತಿದೆ. ಲೇತ್ ಕೆಲಸದವರ ಹತ್ತಿರ ಹೊಸ ಬುಷ್ (ಸ್ಪಿಂಡಲ್ ತಿರುಗುವ ಬಳೆ) ಹಾಕಿಸಿ, ಆಮೇಲೆ ಐಡ್ಲಿಂಗ್ ಹೇಗಿದೆ ಎಂದು ಬರೆಯಿರಿ.